ಕೋಲಾರದ ಮ್ಯಾಗಜಿನ್‌ಗೆ ನಾನು ಅಂಕ ಕೊಡುವ ಬಗೆ

ಕೋಲಾರದ ಒಂದು ಪದವಿ ಕಾಲೇಜಿನಲ್ಲಿ ನಾನು ಪತ್ರಿಕೋದ್ಯಮ ಪಾಠ ಮಾಡುತ್ತೇನೆ. ಕೊನೆಯ ವರ್ಷದ ಮಕ್ಕಳಿಗೆ ಒಂದು ಪ್ರಾಜೆಕ್ಟ್ ಇರುತ್ತದೆ. ನಮ್ಮ ಜಿಲ್ಲೆಯ ಓದುಗರಿಗಾಗಿ 16 ಪುಟದ ಮ್ಯಾಗಜಿನ್, ಅದರಲ್ಲಿ ಅವರೇ ತಯಾರಿಸಿದ ಜಾಹೀರಾತುಗಳು, ಜೊತೆಗೆ ಏನು ಮಾಡಿದೆವು, ಯಾಕೆ ಮಾಡಿದೆವು ಎಂದು ತಾವೇ ಬರೆದ ವರದಿ. ಮಾಡಿಸುವುದಕ್ಕಿಂತ ಅಂಕ ಕೊಡುವುದೇ ಜಾಸ್ತಿ ಕಷ್ಟ. ಈಗ ಮೊಬೈಲಿನಲ್ಲೇ ಟೆಂಪ್ಲೇಟ್ ಸಿಗುತ್ತದೆ, ಮುಖಪುಟವನ್ನು ಯಾರು ಬೇಕಾದರೂ ಝಗಮಗ ಅನ್ನಿಸಬಹುದು. ಹಾಗಾಗಿ ಬರೀ ಅಂದಕ್ಕೆ ನಾನು ಇಟ್ಟಿರುವ ಅಂಕ ಕಮ್ಮಿ. ಕೋಲಾರದ ಮನುಷ್ಯ ಇದನ್ನು ದುಡ್ಡು ಕೊಟ್ಟು ತಗೊಳ್ತಾನಾ, ತಗೊಂಡರೆ ಅವನಿಗೆ ಏನು ಸಿಗುತ್ತದೆ ಅನ್ನುವುದು ನನ್ನ ಮೊದಲ ಪ್ರಶ್ನೆ.

ಇದಕ್ಕೆ ಉತ್ತರ ಸ್ಟಾಫ್ ರೂಮಿನಲ್ಲಿ ಸಿಗುವುದಿಲ್ಲ. ಆದ್ದರಿಂದ ಡಮ್ಮಿ ಪ್ರತಿ, ಅಂದರೆ ಅಚ್ಚಿಗೆ ಮುಂಚಿನ ಮಾದರಿ, ಸಿದ್ಧವಾದ ಕೂಡಲೇ ಮಕ್ಕಳನ್ನು ಹೊರಗೆ ಕಳಿಸುತ್ತೇನೆ, ಆದಷ್ಟೂ ನಾನೂ ಜೊತೆಗೆ ಹೋಗುತ್ತೇನೆ. ಒಂದು ಗುಂಪು ಟೊಮೆಟೊ ಬೆಲೆಯ ಮೇಲೆ ಮುಖಪುಟ ಲೇಖನ ಮಾಡಿತ್ತು. ಎಪಿಎಂಸಿ ಮಾರುಕಟ್ಟೆಯಲ್ಲಿ ಒಬ್ಬ ಮಂಡಿಯವರ ಹತ್ತಿರ ಹೋದೆವು. ಹರಾಜು ಮುಗಿದು ಅವರು ಚೀಟಿ ಬರೆಯುತ್ತಾ ಕೂತಿದ್ದರು. “ಅಣ್ಣಾ, ಸ್ವಲ್ಪ ಓದಿ ಹೇಳ್ತೀರಾ?” ಎಂದು ಹುಡುಗಿ ಪುಟ ಮುಂದಿಟ್ಟಳು. ಅವರು ತಲೆಬರಹ ಬಿಟ್ಟು ನೇರ ಬೆಲೆಯ ಮೇಲೆ ಬೆರಳಿಟ್ಟರು. “ಇದು ಬಾಕ್ಸ್ ರೇಟಾ, ಕೆಜಿ ರೇಟಾ? ಏನಮ್ಮಾ, ಅದನ್ನೇ ಬರ್ದಿಲ್ವಲ್ಲ!” ಎಂದರು. ನಮ್ಮಲ್ಲಿ ಟೊಮೆಟೊ ಮಾತೆಲ್ಲ 15 ಕೆಜಿಯ ಬಾಕ್ಸ್ ಲೆಕ್ಕದಲ್ಲೇ ನಡೆಯುವುದು. ಬೆಂಗಳೂರಿನಲ್ಲಿ ಕೂತು ಓದುವವರಿಗೆ ಕೆಜಿ ಬೆಲೆ ಸಾಕು, ಬೆಳೆದವರಿಗೆ ಸಾಲದು. ಆ ಒಂದು ಪ್ರಶ್ನೆಯಿಂದ ಮಕ್ಕಳಿಗೆ ತಮ್ಮ ಓದುಗ ಯಾರು ಅನ್ನುವುದು ತಿಳಿಯಿತು. ವಾಪಸ್ ಬಂದು ಲೇಖನದ ಅರ್ಧಭಾಗ ಮತ್ತೆ ಬರೆದರು. ಬಾಕ್ಸ್ ಬೆಲೆಯಲ್ಲಿ ಸಾಗಾಟಕ್ಕೆ ಎಷ್ಟು, ಬಾಕ್ಸ್ ಬಾಡಿಗೆಗೆ ಎಷ್ಟು, ಕೀಳುವ ಕೂಲಿಗೆ ಎಷ್ಟು ಹೋಗುತ್ತದೆ ಎಂದು ರೈತರನ್ನು ಕೇಳಿ ಬಿಡಿಸಿ ಬರೆದರು. ಈ ತಿದ್ದಿದ ಕೆಲಸಕ್ಕೇ ನಾನು ಜಾಸ್ತಿ ಅಂಕ ಕೊಡುವುದು. ಮೊದಲ ಡಮ್ಮಿ, ಓದುಗರು ಹೇಳಿದ ಮಾತು, ಆಮೇಲೆ ಬದಲಾದ ಪುಟ, ಮೂರನ್ನೂ ಒಟ್ಟಿಗೆ ಇಟ್ಟು ನೋಡುತ್ತೇನೆ.

ಜಾಹೀರಾತುಗಳಿಗೆ ನಾನು 100ಕ್ಕೆ 25 ಅಂಕ ಇಟ್ಟಿದ್ದೇನೆ. ಅಷ್ಟೊಂದು ಯಾಕೆ ಸರ್ ಎಂದು ಮಕ್ಕಳು ಕೇಳುತ್ತಾರೆ. ಲೇಖನದಲ್ಲಿ ಊರಿನ ಹೆಸರು ನಾಲ್ಕು ಸಲ ಬರೆದು ಸ್ಥಳೀಯ ಅನ್ನಿಸಿಕೊಳ್ಳಬಹುದು. ಜಾಹೀರಾತಿನಲ್ಲಿ ಅದು ಸಾಧ್ಯವಿಲ್ಲ. ಯಾರು ಮಾರುತ್ತಾರೆ, ಯಾರು ಕೊಳ್ಳುತ್ತಾರೆ, ಯಾವ ತಿಂಗಳಲ್ಲಿ ಕೊಳ್ಳುತ್ತಾರೆ ಎಂದು ಗೊತ್ತಿಲ್ಲದಿದ್ದರೆ ಅಲ್ಲಿ ತಕ್ಷಣ ಬಯಲಾಗುತ್ತದೆ.

ಶ್ರೀನಿವಾಸಪುರದ ಮಾವಿನ ಮೇಲೆ ಪ್ರತಿ ವರ್ಷ ಒಂದಾದರೂ ಜಾಹೀರಾತು ಬರುತ್ತದೆ. ಒಂದು ಸಲ ಚಿತ್ರದಲ್ಲಿ ಇದ್ದದ್ದು ಕೆಂಪಗೆ, ದುಂಡಗೆ ಇರುವ ಹೊರದೇಶದ ಹಣ್ಣು, ಇಂಟರ್‌ನೆಟ್ಟಿನಿಂದ ಇಳಿಸಿಕೊಂಡದ್ದು. ಶ್ರೀನಿವಾಸಪುರದ ಕಡೆಯವರು ತೋತಾಪುರಿಯ ಗಿಣಿಮೂತಿಯನ್ನು ಕಣ್ಣು ಮುಚ್ಚಿ ಮುಟ್ಟಿ ಹೇಳುತ್ತಾರೆ. ಬಾದಾಮಿ ಬೇರೆ, ರಸಪುರಿ ಬೇರೆ. ಜೊತೆಗೆ ಆ ಸಂಚಿಕೆ ಜನವರಿಯದ್ದು. ಜನವರಿಯಲ್ಲಿ ತೋಟದಲ್ಲಿ ಹೂವು ಬಿಡುವ ಹೊತ್ತು, ಹಣ್ಣು ಬರಲು ಮೇ ತಿಂಗಳಾದರೂ ಆಗಬೇಕು. ಹೂವು ಕಟ್ಟುವ ಹೊತ್ತಿಗೆ ತೋಟದವರಿಗೆ ತಲೆನೋವು ಜಿಗಿಹುಳು. ಆಗ ಅವರು ಓದುವುದು ಔಷಧಿ ಸಿಂಪಡಣೆಯ ಜಾಹೀರಾತನ್ನು, ಹಣ್ಣಿನ ಬುಟ್ಟಿಯದ್ದನ್ನಲ್ಲ. ಇಷ್ಟನ್ನು ಗುಂಪಿನ ಜೊತೆ ಕೂತು ಮಾತಾಡಿದೆ. ಅವರು ತೋಟಕ್ಕೆ ಹೋಗಿ ಹೂಗೊಂಚಲಿನ ಫೋಟೊ ತೆಗೆದು ಹೊಸದು ಮಾಡಿ ತಂದರು. ಅದು ನಿಜವಾದ ಜಾಹೀರಾತಿನ ಹಾಗೇ ಇತ್ತು.

ಕಾನೂನಿನ ವಿಷಯದಲ್ಲಿ ಮಾತ್ರ ನಾನು ಸಡಿಲ ಬಿಡುವುದಿಲ್ಲ. ಕಾಲ್ಪನಿಕ ಜಾಹೀರಾತು ತಾನೇ ಎಂದು ಮಕ್ಕಳು ‘ಸಕ್ಕರೆ ಕಾಯಿಲೆ ಗ್ಯಾರಂಟಿ ವಾಸಿ’ ಎಂದು ಕಷಾಯದ ಜಾಹೀರಾತು ಮಾಡುತ್ತಾರೆ. ಔಷಧಿ ಜಾಹೀರಾತಿನಲ್ಲಿ ಇಂಥ ಮಾತು ಹೇಳುವುದನ್ನು 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯೇ ತಡೆಯುತ್ತದೆ, ಅದರ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತನ್ನು ಪ್ರಕಟಿಸಿದವರಿಗೂ 10 ಲಕ್ಷದವರೆಗೆ ದಂಡ ಹಾಕಬಹುದು. ನಾಳೆ ಈ ಮಕ್ಕಳು ಸ್ಥಳೀಯ ಪತ್ರಿಕೆಗಳಲ್ಲಿ ಕೂತಾಗ ಇಂಥ ಜಾಹೀರಾತುಗಳೇ ಮೊದಲು ಬರುವುದು. ಅದಕ್ಕೆ ಈಗಲೇ ಗೊತ್ತಿರಬೇಕು. ಒಂದು ನರ್ಸರಿಯನ್ನು ಹೊಗಳಿ ಲೇಖನ ಬರೆದು, ಎದುರು ಪುಟದಲ್ಲಿ ಅದೇ ನರ್ಸರಿಯ ಜಾಹೀರಾತು ಹಾಕಿದರೂ ಅಂಕ ಕಳೆಯುತ್ತೇನೆ. ಓದುಗನಿಗೆ ಎರಡರ ನಡುವಿನ ಗೆರೆ ಕಾಣಲೇಬೇಕು.

ಪುಟ ವಿನ್ಯಾಸವನ್ನು ಪರದೆಯ ಮೇಲೆ ನೋಡಿ ಅಂಕ ಕೊಡಬಾರದು. ನಿಜವಾದ ಅಳತೆಯಲ್ಲಿ ಪ್ರಿಂಟ್ ತೆಗೆಸಿ, ಕೈಯಲ್ಲಿ ಹಿಡಿದು ನೋಡುತ್ತೇನೆ. ಕನ್ನಡಕ್ಕೆ ಅದರದ್ದೇ ತಾಪತ್ರಯಗಳಿವೆ. ಇಂಗ್ಲಿಷ್ ಟೆಂಪ್ಲೇಟಿನಲ್ಲಿ ಸಾಲುಗಳ ನಡುವೆ ಜಾಗ ಕಮ್ಮಿ. ಅದರಲ್ಲಿ ಕನ್ನಡ ಹಾಕಿದರೆ ‘ಸ್ವಾತಂತ್ರ್ಯ’ದ ಒತ್ತು ಕೆಳಗಿನ ಸಾಲಿನ ‘ನೀರು’ ಮೇಲೆ ಹತ್ತಿ ಕೂರುತ್ತದೆ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಬದಲಾಯಿಸುವಾಗ ಅರ್ಕಾವತ್ತು ಜಾಗ ತಪ್ಪುತ್ತದೆ. ‘ಕಾರ್ಯ’, ‘ಸೂರ್ಯ’ ಬರುವ ಕಡೆಯೆಲ್ಲ ಒಂದೊಂದಾಗಿ ನೋಡಲೇಬೇಕು. ಇದನ್ನು ಗಮನಿಸಿ ತಿದ್ದಿದ ಗುಂಪು ಪುಟವನ್ನು ನಿಜವಾಗಿ ಓದಿದೆ ಎಂದು ನನಗೆ ಗೊತ್ತಾಗುತ್ತದೆ.

ಕೆಜಿಎಫ್ ಬಗ್ಗೆ ಬರುವ ಪುಟಗಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಸಿನಿಮಾ ಪೋಸ್ಟರಿನ ಫೋಟೊ, ಬ್ರಿಟಿಷರ ಕಾಲದ ನಾಲ್ಕು ಸಾಲು, ಮುಗೀತು. ಗಣಿ ಮುಚ್ಚಿದ್ದು 2001ರಲ್ಲಿ. ಆಮೇಲೂ ಜನ ಅಲ್ಲೇ ಇದ್ದಾರಲ್ವಾ? ಬೆಳಗ್ಗೆ ಬೆಂಗಳೂರಿನ ರೈಲು ಹತ್ತಿ ಕೆಲಸಕ್ಕೆ ಹೋಗಿ ರಾತ್ರಿ ವಾಪಸ್ ಬರುವವರು ಎಷ್ಟೊಂದು ಜನ. ಅವರ ಒಂದು ಮಾತೂ ಇಲ್ಲದ ಪುಟಕ್ಕೆ ನಾನು ಪಾಸ್ ಅಂಕದ ಮೇಲೆ ಕೊಡುವುದಿಲ್ಲ. ಡಿ.ವಿ.ಜಿ. ಪುಟವೂ ಹಾಗೇ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದವರು, ಪತ್ರಿಕೆ ನಡೆಸಿದವರು. ಪತ್ರಿಕೋದ್ಯಮದ ಮಕ್ಕಳೇ ಅವರ ಆ ಮುಖವನ್ನು ಬಿಟ್ಟು ಬರೀ ಕಗ್ಗದ ಪದ್ಯ ಹಾಕಿದರೆ ನನಗೆ ಬೇಜಾರಾಗುತ್ತದೆ.

ಮಕ್ಕಳ ವರದಿಯಲ್ಲಿ ‘ಎಲ್ಲರೂ ಮೆಚ್ಚಿಕೊಂಡರು’ ಅನ್ನುವ ಸಾಲು ಕಂಡರೆ ಪಕ್ಕದಲ್ಲಿ ‘ಯಾರು? ಎಲ್ಲಿ?’ ಎಂದು ಬರೆದು ವಾಪಸ್ ಕೊಡುತ್ತೇನೆ. ಆಮೇಲೆ ಮೌಖಿಕ ಪರೀಕ್ಷೆ. ಗುಂಪಿನಲ್ಲಿ ಒಬ್ಬೊಬ್ಬರೂ ಒಂದೊಂದು ಪುಟದ ಬಗ್ಗೆ ನನಗೂ ಹೊರಗಿನಿಂದ ಬಂದ ಪರೀಕ್ಷಕರಿಗೂ ಉತ್ತರ ಕೊಡಬೇಕು. ಕೆಲಸ ಮಾಡಿದವರು ಯಾರು, ಸುಮ್ನೆ ಹೆಸರು ಸೇರಿಸಿಕೊಂಡವರು ಯಾರು ಎಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಒಬ್ಬ ಹುಡುಗಿ ಮುಳಬಾಗಿಲು ದೋಸೆಯ ಹೋಟೆಲಿಗೆ ಜಾಹೀರಾತು ಮಾಡಿದ್ದಳು. ದಪ್ಪ ದೋಸೆಯ ಗರಿಗರಿ ಅಂಚು ತುಂಬ ಹತ್ತಿರದಿಂದ ತೆಗೆದ ಫೋಟೊ, ಮೇಲೆ ‘ಬಸ್ ಬರೋದ್ರೊಳಗೆ ಒಂದು ಆಗೋಗ್ಲಿ, ಬಾರಣ್ಣ’ ಅನ್ನುವ ಸಾಲು. ಇದು ಆಡುಮಾತು, ಜಾಹೀರಾತಿನಲ್ಲಿ ಶುದ್ಧ ಬರಹ ಇರಬೇಕು ಎಂದು ಹೊರಗಿನ ಪರೀಕ್ಷಕರು ಅಂಕ ಕಳೆಯಲು ಹೊರಟರು. ಯಾಕೆ ಹೀಗೆ ಬರೆದೆ ಎಂದು ಕೇಳಿದೆ. ಅವಳು ಬ್ಯಾಗಿನಿಂದ ಇನ್ನೊಂದು ಪ್ರತಿ ತೆಗೆದಳು. ಅದರಲ್ಲಿ ‘ರುಚಿಯ ಲೋಕಕ್ಕೆ ಸುಸ್ವಾಗತ’ ಎಂದಿತ್ತು. “ಎರಡನ್ನೂ ಮುಳಬಾಗಿಲು ಬಸ್ ಸ್ಟ್ಯಾಂಡಿನಲ್ಲಿ ತೋರಿಸಿದೆ ಸರ್. ಈ ‘ಸುಸ್ವಾಗತ’ ಇರೋದನ್ನು ನೋಡಿ ಚೆನ್ನಾಗಿದೆ ಅಂದ್ರು, ಅಷ್ಟೇ. ಆ ‘ಬಾರಣ್ಣ’ ಇರೋದನ್ನು ನೋಡಿ ಹೋಟೆಲು ಎಲ್ಲಿದೆ ಅಂತ ಕೇಳಿದ್ರು” ಎಂದಳು. ಯಾರು ಏನು ಹೇಳಿದರು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಪರೀಕ್ಷಕರು ಆ ನೋಟ್‌ಬುಕ್ಕನ್ನು ಪೂರ್ತಿ ಓದಿದರು, ಕಳೆಯಲು ಹೊರಟಿದ್ದ ಅಂಕವನ್ನು ಬಿಟ್ಟುಕೊಟ್ಟರು. ಆ ವರ್ಷ ಜಾಹೀರಾತಿನ ವಿಭಾಗದಲ್ಲಿ ಅತಿ ಹೆಚ್ಚು ಅಂಕ ಬಂದದ್ದು ಅವಳಿಗೇ.