ರಾಕ್ಷಸನ ಗುಂಗುರು ಕೂದಲು

ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳ ಮುಖ ನಮ್ಮ ಮಕ್ಕಳ ಪುಸ್ತಕಗಳಲ್ಲಿ ಕಾಣುವುದೇ ಇಲ್ಲ ಎಂದು ಹೇಳುವವರಿದ್ದಾರೆ. ನನ್ನ ಅನುಭವ ಅದಕ್ಕಿಂತ ಕಹಿಯಾದದ್ದು. ಮುಖ ಕಾಣುತ್ತದೆ, ಆದರೆ ರಾಕ್ಷಸನ ಕತ್ತಿನ ಮೇಲೆ. ಕಪ್ಪು ಮೈ, ದಪ್ಪ ತುಟಿ, ಅಗಲ ಮೂಗು, ತಲೆ ತುಂಬ ಗುಂಗುರು ಕೂದಲು. ಅವನು ಕದ್ದೊಯ್ಯುವ ರಾಜಕುಮಾರಿಗೆ ಗೋಧಿ ಬಣ್ಣ, ಸೊಂಟದವರೆಗೆ ನೀಳ ಜಡೆ. ಚಿತ್ರಕಾರರು ಯಾರನ್ನೂ ನೋಯಿಸಬೇಕೆಂದು ಬರೆದದ್ದಲ್ಲ. ರಾಕ್ಷಸ ಎಂದರೆ ಹೀಗೇ ಎಂದು ಕೈ ತಾನಾಗಿ ಓಡುತ್ತದೆ. ನೋಯುವುದು ಮಾತ್ರ ನಮ್ಮ ಶಾಲೆಯಲ್ಲಿ.

ನಾನು ಯಲ್ಲಾಪುರ ತಾಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತೇನೆ. ಮಕ್ಕಳಲ್ಲಿ ಹೆಚ್ಚಿನವರು ಸಿದ್ದಿ ಕೇರಿಯವರು. ಉಳಿದವರು ಎಮ್ಮೆ ಸಾಕುವ ಗೌಳಿಗಳ, ಕುಣಬಿಗಳ ಮಕ್ಕಳು, ಅಡಿಕೆ ತೋಟದ ಮನೆಗಳಿಂದ ಬರುವ ಒಂದಿಬ್ಬರು. ಕಥೆ ಓದುವ ಹೊತ್ತಿಗೆ ಎಲ್ಲರೂ ನೆಲದ ಮೇಲೆ ನನ್ನ ಸುತ್ತ ಒತ್ತಿಕೊಂಡು ಕೂರುತ್ತಾರೆ. ಅಂಥದ್ದೊಂದು ದಿನ ರಾಕ್ಷಸನ ಪುಟ ತಿರುವಿದೆ. ಎಲ್ಲರ ಕಣ್ಣೂ ಪುಸ್ತಕದ ಮೇಲೆ ಇರಬೇಕಿತ್ತು. ಇಬ್ಬರು ಮೂವರು ಪಕ್ಕಕ್ಕೆ ತಿರುಗಿ ಎರಡನೇ ಇಯತ್ತೆಯ ಒಬ್ಬ ಹುಡುಗಿಯನ್ನು ನೋಡಿದರು. ಯಾರೂ ನಗಲಿಲ್ಲ, ಏನೂ ಅನ್ನಲೂ ಇಲ್ಲ. ಅವಳು ಎರಡೂ ಕೈ ಎತ್ತಿ ತನ್ನ ಕೂದಲನ್ನು ಕಿವಿಯ ಹಿಂದಕ್ಕೆ ಒತ್ತಿ ಹಿಡಿದುಕೊಂಡಳು, ಕಥೆ ಮುಗಿಯುವವರೆಗೆ.

ಸಿದ್ದಿಗಳ ಪೂರ್ವಜರನ್ನು ಪೋರ್ಚುಗೀಸರು ಮತ್ತಿತರ ವ್ಯಾಪಾರಿಗಳು ಆಫ್ರಿಕಾದಿಂದ ಗುಲಾಮರಾಗಿ ತಂದದ್ದು ನೂರಾರು ವರ್ಷಗಳ ಹಿಂದೆ. ಗೋವೆಯಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಇವತ್ತು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದ ಸಿದ್ದಿ ಮನೆಗಳಿವೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡಾಗ ಈ ಸಮುದಾಯದಿಂದ ಶಾಸನಸಭೆಯೊಳಗೆ ಹೋದ ಮೊದಲ ವ್ಯಕ್ತಿಯಾದರು. ಇಷ್ಟಾದರೂ ಪೇಟೆಗೆ ಹೋದ ನಮ್ಮ ಮಕ್ಕಳನ್ನು 'ನೀವು ಯಾವ ದೇಶದವರು' ಎಂದು ಕೇಳುವುದು ನಿಂತಿಲ್ಲ. ಕೇಳುವವರೂ ಒಂದು ಕಾಲಕ್ಕೆ ಮಕ್ಕಳಾಗಿದ್ದವರೇ. ಅವರ ಪುಸ್ತಕಗಳಲ್ಲೂ ಈ ಮುಖ ರಾಕ್ಷಸನ ಕತ್ತಿನ ಮೇಲಲ್ಲದೆ ಬೇರೆಲ್ಲೂ ಸಿಗಲಿಲ್ಲ ಎಂದೇ ನಾನು ಅಂದುಕೊಳ್ಳುತ್ತೇನೆ.

ಅಮೆರಿಕದ ಮಕ್ಕಳ ಸಾಹಿತ್ಯದ ವಿದ್ವಾಂಸೆ ರುಡಿನ್ ಸಿಮ್ಸ್ ಬಿಷಪ್ 1990ರಲ್ಲಿ ಬರೆದ ಪುಟ್ಟ ಪ್ರಬಂಧವೊಂದು ಈ ವಿಷಯದಲ್ಲಿ ನನಗೆ ದಾರಿ ತೋರಿಸಿತು. ಪುಸ್ತಕ ಮಗುವಿಗೆ ಇನ್ನೊಬ್ಬರ ಲೋಕ ತೋರಿಸುವ ಕಿಟಕಿಯೂ ಹೌದು, ತನ್ನನ್ನೇ ತೋರಿಸುವ ಕನ್ನಡಿಯೂ ಹೌದು ಎಂಬ ಅವರ ಮಾತನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಅದೇ ಪ್ರಬಂಧದಲ್ಲಿ ಇನ್ನೊಂದು ಮಾತಿದೆ, ಅದನ್ನು ಹೇಳುವವರು ಕಡಿಮೆ. ಕನ್ನಡಿಯೇ ಇಲ್ಲದಿದ್ದಾಗ ಮಾತ್ರವಲ್ಲ, ಅದು ವಿಕಾರವಾಗಿ, ನಗೆಪಾಟಲಾಗಿ ತೋರಿಸಿದಾಗಲೂ ತನಗೆ ಸಮಾಜದಲ್ಲಿ ಎಷ್ಟು ಬೆಲೆ ಎಂಬುದನ್ನು ಮಗು ಕಲಿತುಬಿಡುತ್ತದೆ ಎಂಬುದು. ಬ್ರಿಟನ್ನಿನಲ್ಲಿ 2017ರಲ್ಲಿ ಪ್ರಕಟವಾದ 9,115 ಮಕ್ಕಳ ಪುಸ್ತಕಗಳ ಪೈಕಿ ಶೇ. 4ರಲ್ಲಿ ಮಾತ್ರ ಕಪ್ಪು, ಏಷ್ಯನ್ ಮತ್ತಿತರ ಅಲ್ಪಸಂಖ್ಯಾತ ಪಾತ್ರಗಳಿದ್ದವು. ಮುಖ್ಯ ಪಾತ್ರ ಅವರದ್ದೇ ಆಗಿದ್ದ ಪುಸ್ತಕಗಳು ಶೇ. 1. ಎಣಿಸಿ ನೋಡುವುದು ಒಳ್ಳೆಯ ಕೆಲಸ. ಆದರೆ ಎಣಿಕೆಯೊಂದನ್ನೇ ಹಿಡಿದರೆ ನಮ್ಮ ಶಾಲೆಯ ರಾಕ್ಷಸನೂ ಲೆಕ್ಕಕ್ಕೆ ಸೇರಿಬಿಡುತ್ತಾನೆ.

ಹಾಗಾಗಿ ಕಪಾಟಿನ ಪುಸ್ತಕಗಳನ್ನೆಲ್ಲ ಜಗಲಿಗೆ ತಂದು ಹರವಿದಾಗ ಯಾರಿದ್ದಾರೆ ಎಂಬುದರ ಜೊತೆಗೆ ಅವರು ಏನು ಮಾಡುತ್ತಿದ್ದಾರೆ ಎಂದೂ ನೋಡಿದೆ. ತೊಂದರೆಗೆ ಸಿಕ್ಕಿ ತಾನೇ ಪಾರಾಗುವವರು ಯಾರು? ಪಾರುಮಾಡಿಸಿಕೊಳ್ಳುವವರು ಯಾರು? ತಪ್ಪು ಮಾಡಿ, ಬೈಸಿಕೊಂಡು, ಆಮೇಲೆ ಮುದ್ದು ಮಾಡಿಸಿಕೊಳ್ಳುವ ಸ್ವಾತಂತ್ರ್ಯ ಯಾರಿಗಿದೆ? ಕೊನೆಯ ಪ್ರಶ್ನೆ ನನಗೆ ಬಹಳ ಮುಖ್ಯ. ತುಂಟತನ ಮಾಡಿಯೂ ಓದುಗರ ಪ್ರೀತಿ ಗಳಿಸುವ ಮಗು ಹೆಚ್ಚಾಗಿ ಒಂದೇ ಬಗೆಯ ಮನೆಯದ್ದು. ಆ ಮನೆಗೆ ಹೆಂಚಿನ ಮಾಡು, ಮುಂದೆ ರಂಗೋಲಿ, ಕೆಲಸಕ್ಕೆ ಹೋಗುವ ಅಪ್ಪ, ಅಡುಗೆಮನೆಯಲ್ಲಿ ಅಮ್ಮ. ಕಾಲು ಊನವಾದ ಮಗು ಬಂದರೆ ಕೊನೆಯ ಪುಟದಲ್ಲಿ ಬಹುಮಾನ ಗೆದ್ದೇ ತೀರಬೇಕು. ಗೌಳಿ ಮಗುವಂತೂ ಇಲ್ಲವೇ ಇಲ್ಲ. ಎಮ್ಮೆ ಇದೆ, ಕಾಯುವವರಿಲ್ಲ.

ಸಿದ್ದಿಗಳ ಬಗ್ಗೆಯೇ ಬಂದ ಪುಸ್ತಕಗಳೂ ಕೆಲವಿದ್ದವು, ದಾನವಾಗಿ ಬಂದವು. ಅವನ್ನು ಮಕ್ಕಳ ತಾಯಂದಿರಿಗೆ ತೋರಿಸಿದೆ. ಡಮಾಮಿ ಬಾರಿಸುತ್ತ ಕುಣಿಯುವ ಚಿತ್ರ, ತಲೆಹೊರೆ ಸೌದೆಯ ಚಿತ್ರ. ಒಬ್ಬ ತಾಯಿ ಪುಟ ಪುಟವೂ ತಿರುವಿ ಕೆಳಗಿಟ್ಟಳು.

"ಅಕ್ಕೋರೆ, ನಾವು ಒಂದೋ ಕುಣಿಯೋದು, ಇಲ್ಲ ಸೌದೆ ಹೊರೋದು. ಮನೇಲಿ ಕೂತು ಚಾ ಕುಡಿಯೋದನ್ನ ಯಾರೂ ಬರೆಯೋದಿಲ್ವಾ?"

ಆಮೇಲೆ ನಾನು ಮಾಡಿದ್ದೆಲ್ಲ ಈ ಒಂದು ಮಾತಿನಿಂದ ಹೊರಟದ್ದು. ಸಿದ್ದಿಗಳ ಇತಿಹಾಸ, ಕುಣಿತ, ಅಹಮದ್‌ನಗರದ ರಾಜ್ಯವನ್ನೇ ನಡೆಸಿದ ಮಲಿಕ್ ಅಂಬರ್, ಇವೆಲ್ಲ ಮಕ್ಕಳಿಗೆ ಬೇಕು, ಹೆಮ್ಮೆಯಿಂದ ಬೇಕು. ಅದಕ್ಕೆ ಒಂದೆರಡು ಪುಸ್ತಕ ಸಾಕು. ಹತ್ತಾರು ಬೇಕಾಗಿರುವುದು ಬೇರೆ ಬಗೆಯವು. ಸಿದ್ದಿ ಹುಡುಗಿಯ ಚಪ್ಪಲಿ ಹೊಳೆಯಲ್ಲಿ ತೇಲಿಹೋಗುವ, ಅವಳಿಗೆ ಗಣಿತ ಅಂದರೆ ಬೇಸರವಾಗುವ, ತಮ್ಮನ ಮೇಲೆ ಹೊಟ್ಟೆಕಿಚ್ಚು ಪಡುವ ಪುಸ್ತಕಗಳು. ಅವಳು ಸಿದ್ದಿ ಎಂದು ಆ ಕಥೆಯಲ್ಲಿ ಒಮ್ಮೆಯೂ ಹೇಳಬೇಕಾಗಿಲ್ಲ. ಚಿತ್ರದಲ್ಲಿ ಕಂಡರೆ ಆಯಿತು.

ಅಂಥವು ಅಂಗಡಿಯಲ್ಲಿ ಸಿಗುವುದಿಲ್ಲ. ಕಿರಿಯ ಪ್ರಾಥಮಿಕ ಶಾಲೆಯ ಗ್ರಂಥಾಲಯಕ್ಕೆ ಸಮಗ್ರ ಶಿಕ್ಷಣ ಯೋಜನೆಯಡಿ ವರ್ಷಕ್ಕೆ 5,000 ರೂಪಾಯಿಯ ಅನುದಾನವಿದೆ. ಅದರಲ್ಲಿ ಬೇರೆ ಬೇರೆ ಊರು, ಬೇರೆ ಬೇರೆ ಮನೆಗಳ ಮಕ್ಕಳಿರುವ ಪುಸ್ತಕ ಹುಡುಕಿ ತರಿಸಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಎಂಬ ಜಾಲತಾಣದಿಂದ ಕೆಲವನ್ನು ಇಳಿಸಿಕೊಂಡೆ. ಅಲ್ಲಿಯ ಕಥೆಗಳನ್ನು ಮುದ್ರಿಸಿಕೊಳ್ಳಲು, ನಮ್ಮ ಭಾಷೆಗೆ ತಂದುಕೊಳ್ಳಲು ಪರವಾನಗಿ ಇರುವುದು ನಮ್ಮಂಥ ಶಾಲೆಗಳಿಗೆ ದೊಡ್ಡ ಅನುಕೂಲ. ಉಳಿದ ದಾರಿ ನಾವೇ ಮಾಡಿಕೊಳ್ಳುವುದು.

ಕಥೆ ಸಿಗುವುದು ಕಷ್ಟವಾಗಲಿಲ್ಲ. ತಮ್ಮ ಮನೆಯ ಕೋಳಿ ಪಕ್ಕದ ಮನೆಯ ಅಟ್ಟದ ಮೇಲೆ ಕಾವಿಗೆ ಕೂತದ್ದನ್ನು ಮೂರನೇ ಇಯತ್ತೆಯ ಹುಡುಗನೊಬ್ಬ ಹೇಳಿದ. ಮರಿ ಯಾರದ್ದು, ಕೋಳಿಯ ಮನೆಯವರದ್ದೋ ಅಟ್ಟದ ಮನೆಯವರದ್ದೋ ಎಂದು ಇಡೀ ತರಗತಿ ಜಗಳಕ್ಕೆ ನಿಂತಿತು. ಆ ಜಗಳವನ್ನೇ ಬರೆದುಕೊಂಡೆ. ನಿರೂಪಣೆ ಕನ್ನಡದಲ್ಲಿ. ಮನೆಯೊಳಗಿನ ಮಾತು ಅವರು ಮನೆಯಲ್ಲಿ ಆಡುವ ಕೊಂಕಣಿಯಲ್ಲಿ, ಕನ್ನಡ ಲಿಪಿಯಲ್ಲಿ. ಅದನ್ನು ತಿದ್ದಲು ಹೋಗಲಿಲ್ಲ. ಕಥೆ ಹೇಳಿದ ಹುಡುಗನ ಅಜ್ಜಿಗೆ ಓದಿ ಹೇಳಿ, ಅವಳು ಹೌದು ಎಂದ ಹಾಗೆ ಬಿಟ್ಟೆ.

ಕಷ್ಟವಾದದ್ದು ಚಿತ್ರ, ಅದರಲ್ಲೂ ಮುದ್ರಣ. ಕಪ್ಪು ಮೈಬಣ್ಣವನ್ನು ಒಂದೇ ಬಣ್ಣದಲ್ಲಿ ತುಂಬಿ ಜೆರಾಕ್ಸ್ ಮಾಡಿದರೆ ಕಣ್ಣು, ಮೂಗು, ನಗು ಎಲ್ಲ ಮುಳುಗಿ ಮಸಿಯ ಮುದ್ದೆ ಉಳಿಯುತ್ತದೆ. ತಿಳಿಬಣ್ಣದ ಮುಖಗಳು ಅದೇ ಯಂತ್ರದಲ್ಲಿ ಚೆನ್ನಾಗಿಯೇ ಬರುತ್ತವೆ. ಅಗ್ಗದ ಮುದ್ರಣಕ್ಕೆಂದು ಬಣ್ಣ ತಿಳಿಮಾಡುತ್ತ ಹೋದರೆ ಪುಸ್ತಕದಲ್ಲಿ ಮತ್ತೆ ಬೇರೆಯವರ ಮಕ್ಕಳೇ ಉಳಿಯುತ್ತಾರೆ.

ಇದಕ್ಕೆ ಉತ್ತರ ಕೇರಿಯಲ್ಲೇ ಇತ್ತು. ಸಿದ್ದಿ ಹೆಂಗಸರು ಹಳೆಯ ಸೀರೆ, ಅಂಗಿಗಳ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವ ಹೊಲಿಗೆ ಅದು. ಮೂಲೆಗಳಲ್ಲಿ ಬಟ್ಟೆ ಮಡಚಿ 'ಫೂಲ', ಅಂದರೆ ಹೂವು, ಕೂರಿಸದಿದ್ದರೆ ಕೌದಿ ಬತ್ತಲೆ ಎನ್ನುತ್ತಾರೆ. ಪುಸ್ತಕದ ಪುಟಗಳನ್ನೂ ಹಾಗೇ ಹೊಲಿದರಾಗದೇ ಎಂದು ಕೇಳಿದೆ. ಮಧ್ಯಾಹ್ನದ ಹೊತ್ತು ಶಾಲೆಯ ಜಗಲಿಯಲ್ಲಿ ಬಟ್ಟೆಯ ಗಂಟು ಬಿಚ್ಚಿಕೊಂಡು ಕೂತರು. ಮುಖಕ್ಕೆ ಬಟ್ಟೆ ಆರಿಸುವುದನ್ನು ನೋಡಬೇಕಿತ್ತು. ಒಂದೊಂದು ತುಂಡನ್ನೂ ಮಕ್ಕಳ ಕೆನ್ನೆಯ ಪಕ್ಕ ಹಿಡಿದು ನೋಡುತ್ತಿದ್ದರು. ಕಾಫಿಪುಡಿ ಬಣ್ಣದ ರವಿಕೆ ಬಟ್ಟೆ ಅಕ್ಕನಿಗೆ, ಸ್ವಲ್ಪ ಕೆಂಪು ಹೊಡೆಯುವ ಕಂದು ತಮ್ಮನಿಗೆ, ನೀಲಿ ಛಾಯೆಯ ಕಪ್ಪು ಅಜ್ಜಿಗೆ. ಒಂದೇ ಮನೆಯವರೂ ಒಂದೇ ಬಣ್ಣವಲ್ಲ ಎಂದು ಹೇಳಿಕೊಡಬೇಕಾಗಲೇ ಇಲ್ಲ. ಕೂದಲಿಗೆ ಕಪ್ಪು ದಾರವನ್ನು ಸೂಜಿಯ ಸುತ್ತ ಸುತ್ತಿ ಒತ್ತೊತ್ತಾಗಿ ಗಂಟು ಹಾಕುತ್ತ ಹೋದರು. ಮುಟ್ಟಿದರೆ ಬೆರಳಿಗೆ ಸಿಗುವ ಕೂದಲು. ಕಣ್ಣಿನ ಗೆರೆ, ತುಟಿಯ ಗೆರೆಗೆ ತಿಳಿಬಣ್ಣದ ದಾರ. ಕಪ್ಪಿನ ಮೇಲೆ ಕಪ್ಪು ಗೆರೆ ಎಳೆಯುವ ತೊಂದರೆ ಅಲ್ಲಿಗೆ ತೀರಿತು.

ಇದೇ ಕೆಲಸ ಮಾಡಬೇಕೆನ್ನುವವರಿಗೆ ಎರಡು ಮಾತು. ಹೊಲಿದ ಪುಟದ ಫೋಟೋವನ್ನು ಮೊಬೈಲಿನಲ್ಲೇ ತೆಗೆಯಬಹುದು, ಬಿಸಿಲಲ್ಲಿ ಬೇಡ, ಮಾಡಿನ ನೆರಳಲ್ಲಿ. ಮುಖದ ಹಿಂದೆ ಬಿಳಿ ಬಟ್ಟೆ ಹಾಕಬೇಡಿ. ಬಿಳಿಯನ್ನು ಕಂಡ ಕ್ಯಾಮೆರಾ ಬೆಳಕು ತಗ್ಗಿಸಿ ಮುಖವನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಸಾಸಿವೆ ಹಳದಿ, ತಿಳಿಹಸಿರು, ಮಣ್ಣಿನ ಬಣ್ಣ ಚೆನ್ನಾಗಿ ಹೊಂದುತ್ತವೆ. ನಾಲ್ಕು ಎ4 ಹಾಳೆಗಳನ್ನು ಎರಡೂ ಬದಿ ಬಣ್ಣದಲ್ಲಿ ಮುದ್ರಿಸಿ ನಡುವೆ ಮಡಚಿ ಹೊಲಿದರೆ ಹದಿನಾರು ಪುಟದ ಪುಸ್ತಕ. ಮುಖಪುಟದ ಮೇಲೆ ಹೊಲಿದವರ ಹೆಸರನ್ನು ಚಿತ್ರಕಾರರು ಎಂದೇ ಹಾಕಿದೆವು.

ಮಕ್ಕಳು ಅದನ್ನು ಓದಿದ ರೀತಿಯನ್ನು ಬಣ್ಣಿಸುತ್ತ ಹೋದರೆ ಮುಗಿಯುವುದಿಲ್ಲ. ನನಗೆ ಹೆಚ್ಚು ಸಂತೋಷವಾದದ್ದು ತೋಟದ ಮನೆಯ ಹುಡುಗನೊಬ್ಬ ಅದನ್ನು ಮನೆಗೊಯ್ದು ಮರುದಿನ ಬಂದು, ಮರಿಗಳನ್ನು ಅಟ್ಟದ ಮನೆಯವರಿಗೇ ಕೊಡಬೇಕಿತ್ತು ಎಂದು ವಾದ ಹೂಡಿದಾಗ. ಅವನ ತಲೆಯಲ್ಲಿ ಇದ್ದದ್ದು ಕೋಳಿ, ನ್ಯಾಯ, ಪಕ್ಕದ ಮನೆ. ಅವನಿಗೆ ಅದು ಸಿದ್ದಿಗಳ ಪುಸ್ತಕವಾಗಿರಲಿಲ್ಲ, ಒಳ್ಳೆಯ ಕಥೆಯಾಗಿತ್ತು. ಇಂಥ ಪುಸ್ತಕ ಅವನಿಗೂ ಅಷ್ಟೇ ಬೇಕು ಎಂದು ನಾನು ಹೇಳುವುದು ಇದಕ್ಕೇ. ಎಲ್ಲ ಕಥೆಯಲ್ಲೂ ತನ್ನಂಥವನೇ ನಾಯಕನಾಗಿ ಬೆಳೆದ ಮಗು ಪಕ್ಕದಲ್ಲಿ ಕೂತವಳನ್ನು ಬೇರೆ ಹೇಗೆ ನೋಡಲು ಕಲಿಯಬೇಕು?

ಗೌಳಿ ಹುಡುಗನೊಬ್ಬ ಆಗಲೇ ತಗಾದೆ ತೆಗೆದಿದ್ದಾನೆ, ನಮ್ಮ ಎಮ್ಮೆಯ ಪುಸ್ತಕ ಯಾವಾಗ ಎಂದು. ಅವನ ಅಮ್ಮನ ಜೊತೆ ಮಾತಾಡಿದ್ದೇನೆ.

ಮಕ್ಕಳ ಮನಸ್ಸಿನಲ್ಲಿ ಇಲ್ಲದ ಜಾತಿ, ಬಣ್ಣವನ್ನು ನೀವೇಕೆ ತುಂಬುತ್ತೀರಿ ಎಂದು ಕೇಳಿದವರಿದ್ದಾರೆ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದಾರೆ. ರಾಕ್ಷಸನ ಪುಟ ತೆರೆದಾಗ ಮಕ್ಕಳ ಕಣ್ಣು ಎಲ್ಲಿಗೆ ಹೋಯಿತೆಂದು ನಾನು ಕಂಡಿದ್ದೇನೆ. ನಾವು ಬಾಯಿ ಮುಚ್ಚಿಕೊಂಡಿದ್ದರೂ ಚಿತ್ರ ಪಾಠ ಹೇಳುತ್ತಲೇ ಇರುತ್ತದೆ.

ಹಳೆಯ ಪುಸ್ತಕಗಳನ್ನು ನಾನು ಎಸೆಯಲಿಲ್ಲ. ರಾಕ್ಷಸನ ಕಥೆ ಮಕ್ಕಳಿಗೆ ಪ್ರಾಣ, ಹೆದರುವ ಸುಖ ಅವರಿಗೆ ಬೇಕು. ಪುಸ್ತಕ ಮುಚ್ಚಿಟ್ಟು ಕಥೆಯನ್ನು ಬಾಯಿಂದ ಹೇಳುತ್ತೇನೆ, ಆಮೇಲೆ ರಾಕ್ಷಸನನ್ನು ಬರೆಯಲು ಹಾಳೆ ಕೊಡುತ್ತೇನೆ. ನಿಯಮ ಒಂದೇ, ಅವನು ಭೂಮಿಯ ಮೇಲಿನ ಯಾವ ಮನುಷ್ಯನ ಹಾಗೂ ಕಾಣಬಾರದು. ಹಲಸಿನ ಮುಳ್ಳಿನ ಮೈ, ಕೈಗಳ ಬದಲು ಗರಗಸ, ಹೊಟ್ಟೆಯಲ್ಲಿ ಬಾಯಿ, ಉಂಬಳದ ಹಾಗೆ ಉದ್ದವಾಗುವ ಕತ್ತು. ಕೂದಲು ಒತ್ತಿ ಹಿಡಿದುಕೊಂಡಿದ್ದ ಹುಡುಗಿಯ ರಾಕ್ಷಸನಿಗೆ ನೇರಳೆ ಬಣ್ಣದ ಏಳು ನಾಲಿಗೆಗಳಿದ್ದವು. ಅದನ್ನು ಎತ್ತಿ ಹಿಡಿದು ಎಲ್ಲರನ್ನೂ ಹೆದರಿಸುತ್ತ ತರಗತಿಯಲ್ಲೆಲ್ಲ ಓಡಾಡಿದಳು.

ಚಿತ್ರಕಾರರಲ್ಲಿ, ಪ್ರಕಾಶಕರಲ್ಲಿ ನನ್ನದೊಂದು ಬೇಡಿಕೆ ಇದೆ. ಯಾವ ಸಮುದಾಯದ ಮಗುವನ್ನು ಬರೆಯುತ್ತೀರೋ ಅವರ ಕೇರಿಗೆ ಕರಡು ಪುಟಗಳನ್ನು ತೆಗೆದುಕೊಂಡು ಹೋಗಿ. ಅಚ್ಚಾದ ಮೇಲೆ ಬಿಡುಗಡೆಗೆ ಕರೆಯುವುದಲ್ಲ, ಬದಲಿಸಲು ಇನ್ನೂ ಸಮಯ ಇರುವಾಗ ಹೋಗಿ. ಹೆಂಗಸರಿಗೂ ಮಕ್ಕಳಿಗೂ ತೋರಿಸಿ, ಊರಿನ ಹಿರಿಯರಿಗೆ ಮಾತ್ರವಲ್ಲ. ಅವರು ಕಳೆದ ಅರ್ಧ ದಿನಕ್ಕೆ ಕೂಲಿ ಕೊಡಿ, ಪುಸ್ತಕದಲ್ಲಿ ಹೆಸರು ಹಾಕಿ. ನಮ್ಮ ಕಡೆ ಬರುವುದಾದರೆ ಮಧ್ಯಾಹ್ನದ ಮೇಲೆ ಬನ್ನಿ, ಆಗ ಎಲ್ಲರೂ ಜಗಲಿಯಲ್ಲಿ ಸಿಗುತ್ತಾರೆ.