ಹಳೇ ಕುರ್ಚಿಗೆ ಸವೆದ ಬಣ್ಣದ ಚೆಂದ: ಕೆರೆಯುವ ಮೊದಲು ಕೂತು ನೋಡಿ

ಗೆಳತಿಯೊಬ್ಬಳು ಮೊನ್ನೆ ಫೋಟೊ ಕಳಿಸಿದ್ದಳು. ಹಳೇ ಮೇಜಿಗೆ ತಿಳಿ ನೀಲಿ ಬಣ್ಣ ಹಚ್ಚಿ, ಒಣಗಿದ ಮೇಲೆ ಉಜ್ಜಿ, ತಲೆಮಾರಿನಿಂದ ಬಳಸಿದ ಸಾಮಾನಿನಂತೆ ಮಾಡಲು ಹೊರಟಿದ್ದಳು. ನಾಲ್ಕೂ ಅಂಚಿನಲ್ಲಿ ಅಳತೆ ಹಿಡಿದಂತೆ ಒಂದೇ ಅಗಲಕ್ಕೆ ಬಣ್ಣ ಹೋಗಿತ್ತು. ಮೇಜಿನ ನಟ್ಟನಡುವೆಯೂ ಅಲ್ಲಲ್ಲಿ ಕೆರೆದ ಗುರುತು. ಎರಡು ವಾರದ ದುಡಿಮೆ ಅದು. ನೋಡಿದವರೆಲ್ಲ "ಬಣ್ಣ ಅರ್ಧಕ್ಕೇ ಯಾಕೆ ಬಿಟ್ಟೆ?" ಅಂತ ಕೇಳಿದರಂತೆ. ಅವಳಿಗೆ ಅಳುವೇ ಬಂದಿತ್ತು.

ಇದೇ ತಪ್ಪನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಬಣ್ಣ ಹಚ್ಚುವುದು ಎಲ್ಲರಿಗೂ ಬರುತ್ತದೆ. ಎಲ್ಲಿ ತೆಗೆಯಬೇಕು, ಎಷ್ಟು ತೆಗೆಯಬೇಕು ಅನ್ನುವಲ್ಲಿ ಕೈ ತಪ್ಪುತ್ತದೆ. ಡಿಸ್ಟ್ರೆಸ್ಡ್ ಫಿನಿಷ್ ಅನ್ನುವ ಈ ಕೆಲಸದಲ್ಲಿ ಕಷ್ಟದ ಭಾಗ ಅದೊಂದೇ. ಹಾಗಾಗಿ ಉಳಿದದ್ದನ್ನು ಬೇಗ ಹೇಳಿ ಅಲ್ಲಿಗೆ ಬರುತ್ತೇನೆ.

ಹಂತ 1: ಸಾಮಾನು ಆರಿಸುವುದು

ಗಟ್ಟಿ ಮರದ್ದೇ ಇರಲಿ. ಮರದ ಪುಡಿ ಒತ್ತಿ ಮಾಡಿದ ಹಲಗೆಯ ಮೇಲೆ ತೆಳು ಹಾಳೆ ಅಂಟಿಸಿದ ಅಗ್ಗದ ಕಪಾಟನ್ನು ಉಜ್ಜಿದರೆ ಒಳಗಿನ ಪುಡಿ ಕಾಣುತ್ತದೆ, ಮರ ಕಾಣುವುದಿಲ್ಲ. ಇನ್ನೊಂದು ಮುಖ್ಯ ಮಾತು. ತುಂಬಾ ಹಳೇ ಬಣ್ಣ ಕೂತಿರುವ ಸಾಮಾನಾದರೆ ಆ ಬಣ್ಣದಲ್ಲಿ ಸೀಸ ಇರಬಹುದು. ಉಜ್ಜಿದಾಗ ಏಳುವ ಅದರ ಧೂಳು ಮಕ್ಕಳಿಗೂ ಬಸುರಿಯರಿಗೂ ತುಂಬಾ ಅಪಾಯ. ಸಂಶಯ ಬಂದರೆ ಅಂಥದ್ದನ್ನು ಈ ಕೆಲಸಕ್ಕೆ ಆರಿಸಲೇಬೇಡಿ. ಬೇರೆ ಕುರ್ಚಿ ಸಿಕ್ಕೇ ಸಿಗುತ್ತದೆ.

ಹಂತ 2: ತೊಳೆದು, ಆಮೇಲೆ ಉಜ್ಜುವುದು

ಈ ಕ್ರಮ ಅದಲು ಬದಲು ಆಗಬಾರದು. ವರ್ಷಗಟ್ಟಲೆ ಕೂತ ಜಿಡ್ಡು, ಮೇಣದ ಪಾಲಿಷ್ ಎಲ್ಲ ಮೇಲೇ ಇರುತ್ತದೆ. ತೊಳೆಯದೆ ಉಪ್ಪುಕಾಗದ ಹಾಕಿದರೆ ಆ ಜಿಡ್ಡನ್ನು ನಾವೇ ಮರದೊಳಕ್ಕೆ ತುಂಬಿದ ಹಾಗೆ. ಹಿಡಿ, ಸ್ಕ್ರೂ ಬಿಚ್ಚಿಡಿ. ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಟರ್ಪೆಂಟೈನ್ ಹಾಕಿದ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಸಿಲಿಕೋನ್ ಇರುವ ಸ್ಪ್ರೇ ಪಾಲಿಷ್ ಬಳಸಿದ ಸಾಮಾನಾದರೆ ಎರಡು ಮೂರು ಸಲ ಒರೆಸಬೇಕು. ಇಲ್ಲದಿದ್ದರೆ ಹಚ್ಚಿದ ಬಣ್ಣ ಮೀನಿನ ಕಣ್ಣಿನಂತೆ ಗುಂಡಗೆ ಬಿಟ್ಟುಕೊಳ್ಳುತ್ತದೆ. ಅಂಥ ಸ್ಪ್ರೇಯನ್ನು ಮರದ ಹತ್ತಿರಕ್ಕೇ ತರಬೇಡಿ ಅನ್ನುವುದು ನನ್ನ ಖಡಾಖಂಡಿತ ಸಲಹೆ.

ಆಮೇಲೆ 120ರ ಕಾಗದ, ಅದರ ಹಿಂದೆ 180ರದ್ದು. ನಂಬರ್ ಜಾಸ್ತಿ ಆದಷ್ಟೂ ಕಾಗದ ನಯ. ಮರದ ಎಳೆ ಹೋದ ದಿಕ್ಕಿಗೇ ಉಜ್ಜಿ. ಹೊಳಪು ಹೋದರೆ ಸಾಕು, ಪೂರ್ತಿ ಬರಿ ಮರ ಕಾಣಬೇಕಿಲ್ಲ. ಮಾಸ್ಕ್ ಇರಲಿ. "ಉಜ್ಜುವುದೇ ಬೇಡ" ಅಂತ ಡಬ್ಬಿ ಮೇಲೆ ಬರೆದಿರುವ ಬಣ್ಣಗಳಿವೆ. ನೀವು ಉಜ್ಜಿ. ಹತ್ತು ನಿಮಿಷ ಉಳಿಸಲು ಹೋಗಿ ಮೂರು ತಿಂಗಳಿಗೆ ಹಕ್ಕಳೆ ಎದ್ದ ಕುರ್ಚಿಗಳನ್ನು ಕಂಡಿದ್ದೇನೆ.

ಹಂತ 3: ಪ್ರೈಮರ್

ಮಹಾಗನಿ, ಓಕ್‌ನಂಥ ಮರಗಳು ತಮ್ಮ ಒಗರಿನ ಕಂದು ಬಣ್ಣವನ್ನು ಮೇಲಕ್ಕೆ ಬಿಡುತ್ತವೆ. ತಿಳಿ ಬಣ್ಣ ಹಚ್ಚಿದ ಮಾರನೇ ದಿನ ಹಳದಿ ಕಲೆ ಏಳುತ್ತದೆ. ಮೇಲೆ ಇನ್ನೆಷ್ಟು ಕೋಟ್ ಬಳಿದರೂ ಅದು ನಿಲ್ಲುವುದಿಲ್ಲ. ಬಣ್ಣಕ್ಕೂ ಮೊದಲು ಹಚ್ಚುವ ಅರಗಿನ (ಶೆಲ್ಯಾಕ್) ಪ್ರೈಮರ್ ಅದನ್ನು ಚೆನ್ನಾಗಿ ತಡೆಯುತ್ತದೆ.

ಇಲ್ಲೊಂದು ಗುಟ್ಟು ಇದೆ. ಬಿಳಿ ಪ್ರೈಮರ್ ಹಚ್ಚಿದರೆ, ಸವೆಸುವಾಗ ಮರಕ್ಕೂ ಬಣ್ಣಕ್ಕೂ ನಡುವೆ ಒಂದು ಬಿಳಿ ಗೆರೆ ಕಾಣುತ್ತದೆ. ಎಲ್ಲ ಕಳೆಯನ್ನೂ ಆ ಗೆರೆ ಕೆಡಿಸುತ್ತದೆ. ಹಾಗಾಗಿ ಬಿಳಿಯದನ್ನು ಬಿಟ್ಟು, ಮೇಣ ತೆಗೆದ ಪಾರದರ್ಶಕ ಅರಗನ್ನೇ ಒಂದು ತೆಳು ಕೋಟ್ ಹಚ್ಚಿ. ಕಲೆಯೂ ನಿಲ್ಲುತ್ತದೆ, ಗೆರೆಯೂ ಬರುವುದಿಲ್ಲ.

ಹಂತ 4: ಬಣ್ಣ

ನನ್ನ ಆಯ್ಕೆ ಚಾಕ್ ಪೇಂಟ್. 1990ರಲ್ಲಿ ಆನಿ ಸ್ಲೋನ್ ಎಂಬ ಬ್ರಿಟಿಷ್ ಮಹಿಳೆ ಈ ಹೆಸರಿನಲ್ಲಿ ತಂದ ಬಣ್ಣ ಇದು. ಈಗ ಬೇರೆಯವರೂ ಇಂಥದ್ದನ್ನು ಮಾಡುತ್ತಾರೆ. ಉಜ್ಜಿದರೆ ಹಿಟ್ಟಿನಂತೆ ಉದುರುತ್ತದೆ, ಅದೇ ಇದರ ದೊಡ್ಡ ಗುಣ. ಎನಾಮಲ್ ಹಾಗಲ್ಲ. ಪೂರ್ತಿ ಗಟ್ಟಿಯಾಗುವ ಮೊದಲು ಉಜ್ಜಿದರೆ ರಬ್ಬರಿನಂತೆ ಸುರುಳಿ ಸುರುಳಿಯಾಗಿ ಬರುತ್ತದೆ. ಮಾಮೂಲಿ ಬಣ್ಣಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ಮನೆಯಲ್ಲೇ ಚಾಕ್ ಪೇಂಟ್ ಮಾಡುವವರಿದ್ದಾರೆ. ಅರ್ಧ ಕುರ್ಚಿ ಮುಗಿಯುವುದರೊಳಗೆ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ, ಗಂಟು ಬೀಳುತ್ತದೆ. ಮೊದಲ ಸಲಕ್ಕೆ ಬೇಡ.

ಎರಡು ಬಣ್ಣ ಇದ್ದರೆ ಚೆಂದ: ಕೆಳಗೆ ಗಾಢ, ಮೇಲೆ ತಿಳಿ. ತೆಳುವಾಗಿ ಎರಡೆರಡು ಕೋಟ್. ಕೆಳಗಿನದು ಒಣಗಿದ ಮೇಲೆಯೇ ಮೇಲಿನದು.

ಹಂತ 5: ಕೂತು ನೋಡುವುದು

ಈಗ ಕಾಗದ ಕೆಳಗಿಡಿ. ಒಂದು ಸೀಮೆಸುಣ್ಣದ ತುಂಡು ತಗೊಳ್ಳಿ. ಬಣ್ಣ ಚೆನ್ನಾಗಿ ಒಣಗಿದ್ದರೆ ಆ ಕುರ್ಚಿಯಲ್ಲಿ ಕೂರಿ.

ಕೂತಾಗ ಕೈ ಎಲ್ಲಿ ಬಿತ್ತು? ತೋಳಿನ ತುದಿಯ ಗುಂಡಗಿನ ಭಾಗದ ಮೇಲೆ ಅಲ್ವಾ? ಅಲ್ಲಿ ಗುರುತು ಹಾಕಿ. ಏಳುವಾಗ ಅದೇ ಜಾಗವನ್ನು ಒತ್ತಿ ಏಳುತ್ತೀರಿ. ತೊಡೆ ಉಜ್ಜುವುದು ಸೀಟಿನ ಮುಂದಿನ ಅಂಚಿಗೆ. ಹಿಮ್ಮಡಿ ತಾಗುವುದು ಮುಂಗಾಲುಗಳ ನಡುವಿನ ಅಡ್ಡಪಟ್ಟಿಗೆ, ಅದೂ ಅದರ ಮಧ್ಯಕ್ಕೆ. ಕುರ್ಚಿ ಎಳೆಯುವಾಗ ಬೆರಳು ಹಿಡಿಯುವುದು ಬೆನ್ನಿನ ಮೇಲ್ಪಟ್ಟಿಯ ಹಿಂಬದಿಗೆ. ಪೊರಕೆ ತಾಗುವುದು ಕಾಲಿನ ಬುಡಕ್ಕೆ. ಇಷ್ಟೇ ಜಾಗ. ಬೆನ್ನಿನ ಪಟ್ಟಿಗಳ ನಡುವಿನ ಮೂಲೆಗೆ ಯಾರ ಕೈಯೂ ಹೋಗುವುದಿಲ್ಲ, ಅಲ್ಲಿ ಬಣ್ಣ ಹಾಗೇ ಇರಬೇಕು.

ನಿಜವಾಗಿ ಸವೆದ ಒಂದು ಡ್ರಾಯರನ್ನು ಹತ್ತಿರದಿಂದ ನೋಡಿದ್ದೀರಾ? ಗುಂಡಗಿನ ಹಿಡಿಯ ಕೆಳಗೆ ಎಳೆ ಚಂದ್ರನಂಥ ಒಂದು ಬೋಳು ಗುರುತು ಇರುತ್ತದೆ. ಹಿಡಿಯನ್ನು ಹಿಡಿದಾಗಲೆಲ್ಲ ಉಗುರು ತಾಗಿ ತಾಗಿ ಆದದ್ದು ಅದು. ಹಿಡಿಯ ಮೇಲ್ಗಡೆ ಆ ಗುರುತು ಇರುವುದಿಲ್ಲ. ಮೇಲಿನ ಡ್ರಾಯರ್ ಜಾಸ್ತಿ ಸವೆದಿರುತ್ತದೆ, ಕೆಳಗಿನದು ಕಡಿಮೆ. ಬಗ್ಗಿ ತೆಗೆಯುವುದು ಅಪರೂಪ ನೋಡಿ. ಬಲಗೈಯವರು ಕೂರುವ ಕುರ್ಚಿಯ ಎರಡೂ ತೋಳು ಒಂದೇ ಸಮ ಸವೆಯುವುದೂ ಇಲ್ಲ.

ಗೆಳತಿಯ ಮೇಜಿನಲ್ಲಿ ತಪ್ಪಿದ್ದು ಇದೇ. ಬರೆಯುವಾಗ ಮುಂಗೈ ಒರಗುವುದು ಎದುರಿನ ಅಂಚಿಗೆ. ಗೋಡೆಗೆ ಅಂಟಿದ ಹಿಂದಿನ ಅಂಚನ್ನು ಯಾರು ಮುಟ್ಟಿ ಸವೆಸುತ್ತಾರೆ?

ಹಂತ 6: ಸವೆಸುವುದು

ಚಾಕ್ ಪೇಂಟ್ ಆದರೆ ಒಂದು ದಿನ ಕಾಯಿರಿ. ಎನಾಮಲ್ ಆದರೆ ಕಡಿಮೆ ಅಂದರೂ ಒಂದು ವಾರ.

180ರ ಕಾಗದವನ್ನು ಮೂರು ಮಡಿಕೆ ಮಾಡಿ. ಗುರುತಿನ ನಟ್ಟನಡುವಿಂದ ಶುರು ಮಾಡಿ. ಅಂಚಿನ ಉದ್ದಕ್ಕೇ ಉಜ್ಜಿ, ಅಡ್ಡ ಬೇಡ. ಕೈ ಭಾರ ಬಿಡಬೇಡಿ. ಮೂರು ನಾಲ್ಕು ಸಲ ಎಳೆದು ನಿಲ್ಲಿಸಿ. ಮೊದಲು ಮೇಲಿನ ಬಣ್ಣ ತೆಳುವಾಗಿ ಕೆಳಗಿನ ಗಾಢ ಬಣ್ಣ ಇಣುಕುತ್ತದೆ. ಇನ್ನೊಂದೆರಡು ಎಳೆತಕ್ಕೆ ಮರ ಕಾಣುತ್ತದೆ. ಮರ ಬೆರಳಗಲ ಕಂಡರೆ ಸಾಕು.

ಈಗ 320ರ ಕಾಗದ ತಗೊಂಡು, ಮರ ಕಂಡ ಜಾಗದಿಂದ ಹೊರಮುಖವಾಗಿ ಉಜ್ಜುತ್ತಾ ಬಣ್ಣದ ಅಂಚನ್ನು ಕರಗಿಸಿ. ನಡುವೆ ಬರಿ ಮರ, ಅದರ ಸುತ್ತ ಕೆಳಗಿನ ಬಣ್ಣ, ಆಚೆಗೆ ಮೇಲಿನ ಬಣ್ಣ, ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಅಂತ ಗೊತ್ತಾಗಬಾರದು. ಬೆರಳಾಡಿಸಿದರೆ ಮೆಟ್ಟಿಲು ತಾಗಬಾರದು. ಕೆಲಸ ಹಾಳು ಮಾಡುವವರು ಬಿಟ್ಟುಬಿಡುವುದು ಈ ಒಂದು ಕೆಲಸವನ್ನೇ. ಉಜ್ಜುತ್ತಾರೆ, ಕರಗಿಸುವುದಿಲ್ಲ.

ಒಂದೊಂದು ಜಾಗ ಮುಗಿದಾಗಲೂ ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿ. "ಇನ್ನೊಂಚೂರು ಬೇಕೇನೋ" ಅನ್ನಿಸಿದಾಗ ನಿಲ್ಲಿಸಿ, ರಾತ್ರಿ ಕಳೆಯಲಿ. ಜಾಸ್ತಿ ಆಗಿಹೋದರೆ ಹೆದರಬೇಡಿ, ಸ್ಪಂಜಿನ ಚೂರಿನಿಂದ ಬಣ್ಣ ಒತ್ತಿ ಮುಚ್ಚಿ, ಒಣಗಿದ ಮೇಲೆ ಮತ್ತೆ ಮಾಡಬಹುದು.

ಅಲ್ಲಲ್ಲಿ ಬಣ್ಣ ಚಕ್ಕೆ ಎದ್ದಂತೆ ಬೇಕಿದ್ದರೆ ಮೇಣದಬತ್ತಿ ಇದೆ, ಆದರೆ ಅದನ್ನು ಹಂತ 4ರಲ್ಲೇ ಬಳಸಬೇಕು. ಕೆಳಗಿನ ಬಣ್ಣ ಒಣಗಿದ ಮೇಲೆ, ಮೇಲಿನದನ್ನು ಹಚ್ಚುವ ಮೊದಲು, ಒಂದೆರಡು ಅಂಚಿಗೆ ಮಾತ್ರ ಬತ್ತಿ ಉಜ್ಜಿ, ಪುಡಿ ಕೊಡವಿಬಿಡಿ. ಮೇಣ ಇದ್ದ ಕಡೆ ಮೇಲಿನ ಬಣ್ಣ ಹಿಡಿಯುವುದಿಲ್ಲ, ಮೊಂಡು ಚಾಕುವಿಗೇ ಬರುತ್ತದೆ. ಹಾಗಂತ ಕಂಡಲ್ಲೆಲ್ಲ ಉಜ್ಜಿದರೆ ಇಡೀ ಬಣ್ಣ ಉದುರುತ್ತದೆ.

ಮಷಿನ್ ಸ್ಯಾಂಡರ್ ಅಂಚಿಗೆ ಬೇಡವೇ ಬೇಡ, ಎರಡು ಸೆಕೆಂಡಿಗೆ ಅಂಗೈ ಅಗಲ ಕಿತ್ತುಬಿಡುತ್ತದೆ. ಸ್ಟೀಲ್ ಉಣ್ಣೆಯೂ ಬೇಡ. ಅದರ ಚೂರು ಚಾಕ್ ಪೇಂಟಿನಂಥ ನೀರು ಬೆರೆತ ಬಣ್ಣದಲ್ಲಿ ಸಿಕ್ಕಿಕೊಂಡು ತುಕ್ಕಿನ ಚುಕ್ಕೆ ಬೀಳುತ್ತದೆ. ಸರಪಳಿಯಿಂದ ಹೊಡೆಯುವುದು, ಗೆದ್ದಲು ತಿಂದಂತೆ ಮೊಳೆಯಿಂದ ತೂತು ಮಾಡುವುದು, ಇವೆಲ್ಲ ಸುಮ್ನೆ ಮರಕ್ಕೆ ಹಿಂಸೆ.

ಹಂತ 7: ಮೇಣ

ಈಗ ತಾನೇ ಉಜ್ಜಿದ ಮರ ತೀರಾ ಬೆಳ್ಳಗೆ ಕಾಣುತ್ತದೆ. ವರ್ಷಗಟ್ಟಲೆ ಕೈ ತಾಗಿ ಸವೆದ ಮರ ಹಾಗಿರುವುದಿಲ್ಲ, ಬೆವರು ಜಿಡ್ಡು ಕುಡಿದು ಕಪ್ಪಾಗಿರುತ್ತದೆ. ಅದಕ್ಕೇ ಕಂದು ಮೇಣ ಬೇಕು. ಆದರೆ ಮೊದಲು ಬಣ್ಣವಿಲ್ಲದ ಮೇಣವನ್ನು ಎಲ್ಲ ಕಡೆ ತೆಳುವಾಗಿ ಹಚ್ಚಿ. ಅದಿಲ್ಲದೆ ಕಂದು ಮೇಣ ನೇರ ಹೋದರೆ ಚಾಕ್ ಪೇಂಟ್ ಅದನ್ನು ಹೀರಿ ಕೊಳೆ ಬಟ್ಟೆಯಂತೆ ಆಗುತ್ತದೆ. ಆಮೇಲೆ ಸವೆದ ಜಾಗಕ್ಕಷ್ಟೇ ಬಟ್ಟೆಯ ತುದಿಯಲ್ಲಿ ಒಂಚೂರು ಕಂದು ಮೇಣ ಒತ್ತಿ ಒರೆಸಿ. ಕಂದು ಜಾಸ್ತಿ ಆದರೆ ಅದರ ಮೇಲೆ ಬಣ್ಣವಿಲ್ಲದ ಮೇಣ ಉಜ್ಜಿ ಅದನ್ನು ತೆಗೆಯಬಹುದು.

ದಿನಾ ನೀರು ಬೀಳುವ ಮೇಜಿಗೆ ಮೇಣ ಸಾಲದು. ಅಲ್ಲಿ ಮೇಣದ ಬದಲು ನೀರು ಬೆರೆತ ಪಾಲಿಯುರೆಥೇನ್ ವಾರ್ನಿಷ್ ಹಚ್ಚಿ. ಎಣ್ಣೆಯದು ತಿಳಿ ಬಣ್ಣವನ್ನು ಹಳದಿ ಮಾಡುತ್ತದೆ. ಹಚ್ಚಿದ ಮೇಣದ ಮೇಲೆ ಪಾಲಿಯುರೆಥೇನ್ ಹಿಡಿಯುವುದಿಲ್ಲ, ಹಾಗಾಗಿ ಯಾವುದು ಅಂತ ಮೊದಲೇ ನಿರ್ಧರಿಸಿ.

ಟರ್ಪೆಂಟೈನ್ ಅಥವಾ ಮೇಣ ಮೆತ್ತಿದ ಬಟ್ಟೆಗಳನ್ನು ಉಂಡೆ ಕಟ್ಟಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟಿ ತಾನಾಗಿ ಬೆಂಕಿ ಹತ್ತಬಹುದು, ಅಗಸೆ ಎಣ್ಣೆ ಇದ್ದರಂತೂ ಇನ್ನೂ ಅಪಾಯ. ಹೊರಗೆ ಹರಡಿ ಒಣಗಿಸಿ.

ಮುಟ್ಟಿದರೆ ಒಣಗಿದಂತೆ ಕಂಡರೂ ಮೇಣ ಪೂರ್ತಿ ಗಟ್ಟಿಯಾಗಲು ಸುಮಾರು 30 ದಿನ ಬೇಕು. ಅಲ್ಲಿಯವರೆಗೆ ಕುರ್ಚಿಯಲ್ಲಿ ಮೆಲ್ಲಗೆ ಕೂರಬಹುದು, ಬಿಸಿ ಲೋಟ ಇಡಬೇಡಿ. ಉಳಿದ ಬಣ್ಣವನ್ನು ಬಿಗಿ ಮುಚ್ಚಳದ ಸಣ್ಣ ಸೀಸೆಗೆ ಹಾಕಿ, ಯಾವ ಸಾಮಾನಿನದು ಅಂತ ಮೇಲೆ ಬರೆದಿಡಿ. ಮುಂದೆ ಎಲ್ಲಾದರೂ ಚಕ್ಕೆ ಎದ್ದರೆ ಅದೇ ಬೇಕಾಗುತ್ತದೆ.