ಕೋಲುಜೇನಿನ ಮರಿ ಉಳಿಸಿ ತುಪ್ಪ ತೆಗೆಯುವುದು: ನನ್ನ ಅನುಭವ

ಮೂಡಿಗೆರೆ, ಕೊಪ್ಪದ ಕಡೆ ಜೇನು ಸಾಕುವುದು ಅಂದರೆ ತುಡುವೆ ಜೇನಿನ ಪೆಟ್ಟಿಗೆ. ನಮ್ಮ ಕಡೂರು ಬಯಲಲ್ಲಿ ಬೇಲಿಗೆ ತಾನಾಗಿ ಬಂದು ಕೂರುವುದು ಕೋಲುಜೇನು. ಇದು ಪೆಟ್ಟಿಗೆಯೊಳಗೆ ನಿಲ್ಲುವುದಿಲ್ಲ. ಊರಲ್ಲಿ ಹುಟ್ಟು ಕಂಡವರು ಕಡ್ಡಿ ಸಮೇತ ಮುರಿದು, ತುಪ್ಪ ಹಿಂಡಿಕೊಂಡು, ಮರಿ ಎಸೆದು ಹೋಗುತ್ತಾರೆ. ನೋಡಿದರೆ ಸಂಕಟವಾಗುತ್ತದೆ. ಬೇಕಾದದ್ದು ಮೇಲಿನ ತುಪ್ಪ ಮಾತ್ರ ಅಲ್ವಾ?

ಇದು ಕಟ್ಟುವುದು ಒಂದೇ ಎರಿ, ಅಂದರೆ ಮೇಣದ ಕಣ್ಣುಗಳ ಒಂದೇ ಹಲಗೆ. ಕಡ್ಡಿಯನ್ನು ಸುತ್ತಿಕೊಂಡ ದಪ್ಪ ತಲೆಯಲ್ಲಿ ತುಪ್ಪ, ಕೆಳಗೆ ಜೋತಾಡುವ ತೆಳು ಭಾಗದಲ್ಲಿ ಮರಿ. ಕಡ್ಡಿಯ ಎರಡೂ ಬದಿಗೆ ಇರುವೆ ದಾಟದಂತೆ ನೊಣಗಳೇ ಅಂಟು ಬಳಿದಿರುತ್ತವೆ. ತಲೆಯ ಮೇಲ್ಭಾಗ ಚಪ್ಪಟೆ. ಮೇವು ಕಂಡು ಬಂದ ನೊಣ ಅಲ್ಲೇ ಕುಣಿಯುತ್ತದೆ. ಹೂವಿರುವ ದಿಕ್ಕಿಗೇ ಓಡುತ್ತಾ ಹೊಟ್ಟೆ ಅಲ್ಲಾಡಿಸುತ್ತದೆ, ಸುತ್ತಿ ಬಂದು ಮತ್ತೆ ಅದೇ ಕಡೆ ಓಡುತ್ತದೆ. ಹುಚ್ಚೆಳ್ಳು ಹೂ ಬಿಟ್ಟ ಕಾಲದಲ್ಲಿ ಬೇಲಿ ಪಕ್ಕ ಸುಮ್ನೆ ಕೂತು ನೋಡಿ, ಮೇವು ಯಾವ ಹೊಲದ ಕಡೆಯಿಂದ ಬರುತ್ತಿದೆ ಅಂತ ಗೊತ್ತಾಗುತ್ತದೆ.

ತಲೆ ದಪ್ಪವಾಗಿ, ತುಪ್ಪದ ಕಣ್ಣುಗಳಿಗೆ ಮೇಣದ ಮುಚ್ಚಳ ಬಿದ್ದ ಮೇಲೇ ನಾನು ಕೈ ಹಾಕುವುದು. ತೆಂಗಿನ ನಾರಿನ ಹೊಗೆ ಸ್ವಲ್ಪ ತೋರಿಸಿದರೆ ಸಾಕು, ನೊಣ ಪಕ್ಕದ ಕೊಂಬೆಗೆ ಸರಿಯುತ್ತವೆ. ಹೊಗೆ ಜಾಸ್ತಿಯಾದರೆ ಹುಟ್ಟನ್ನೇ ಬಿಟ್ಟು ಹೋಗುತ್ತವೆ. ಆಮೇಲೆ ತುಪ್ಪ ಮುಗಿದು ಮರಿ ಶುರುವಾಗುವ ಗೆರೆಯ ಸ್ವಲ್ಪ ಮೇಲೆ, ಹರಿತವಾದ ಚಾಕುವಿನಿಂದ ಕೊಯ್ಯುತ್ತೇನೆ. ಕೆಳಗಿನ ಎರಿ ಅಂಗೈ ಮೇಲೆ ಇರಬೇಕು, ಬೆರಳು ಒತ್ತಬಾರದು. ಅದರ ಮೇಲಂಚನ್ನು ಬಿದಿರಿನ ಎರಡು ಸೀಳುಗಳ ನಡುವೆ ಹಿಡಿದು, ಬಾಳೆ ನಾರಿನಿಂದ ಹಗುರವಾಗಿ ಕಟ್ಟಿ, ಅದೇ ಜಾಗದಲ್ಲಿ, ಮೊದಲು ಇದ್ದ ಮುಖಕ್ಕೇ ತೂಗು ಹಾಕುತ್ತೇನೆ. ಹೊಸ ಕಡ್ಡಿಗೆ ಅಂಟಿನ ಕಾವಲು ಇರುವುದಿಲ್ಲವಲ್ಲ, ಹಾಗಾಗಿ ಎರಡೂ ತುದಿಗೆ ಹರಳೆಣ್ಣೆ ನೆನೆಸಿದ ಬಟ್ಟೆ ಸುತ್ತುತ್ತೇನೆ. ರಾಣಿ ಸುರಕ್ಷಿತವಾಗಿದ್ದರೆ ನೊಣಗಳು ಬಂದು ಮರಿಯನ್ನು ಮುಚ್ಚಿ ಕೂರುತ್ತವೆ.

ಹೂವಿಲ್ಲದ ಕಾಲದಲ್ಲಿ ತುಪ್ಪ ಮುಟ್ಟಲೇಬೇಡಿ, ಅದು ಅವುಗಳ ಊಟ. ಬಿಸಿಲು ಏರಿದಾಗ ಎಷ್ಟು ಜೋಪಾನ ಮಾಡಿದರೂ ನೆರಳು ಹುಡುಕಿಕೊಂಡು ಹೋಗುವುದುಂಟು. ಅದಕ್ಕೇ ಬೇಲಿಯ ಹೊಂಗೆ ಗಿಡಗಳನ್ನು ಬೋಳು ಸವರಲು ನಾನು ಬಿಡುವುದಿಲ್ಲ. ಹೋದ ಮೇಲೂ ಖಾಲಿ ಎರಿಯನ್ನು ಕೀಳಬೇಡಿ. ಹತ್ತಿರದಲ್ಲೇ ಹೊಸದಾಗಿ ಕಟ್ಟುತ್ತಿದ್ದರೆ ಅವೇ ವಾಪಸ್ ಬಂದು, ಹಳೆಯ ಮೇಣ ಕೆರೆದು ಹೊತ್ತುಕೊಂಡು ಹೋಗುತ್ತವೆ.